ರಿವಾಲ್ವರ್‌ಗೆ ಕೈ ಹಚ್ಚುವ ಮುಂಚೆ

ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿ .32 ರಿವಾಲ್ವರ್ ತಂದುಕೊಂಡ ಮೇಲೆ ಕೆಲವರಿಗೆ ಒಂದು ಆಸೆ ಹುಟ್ಟುತ್ತದೆ. ಟ್ರಿಗರ್ ಬಿಗಿ ಇದೆ, ಹಗುರ ಮಾಡಿಸೋಣ. ಬ್ಯಾರೆಲ್ ಉದ್ದ ಆಯ್ತು, ಜೇಬಿಗೆ ಹಿಡಿಸುವಷ್ಟು ಕತ್ತರಿಸೋಣ. ನಮ್ಮ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಎಂಥ ಸಣ್ಣ ಭಾಗವನ್ನೂ ಲೇತ್ ಮೇಲೆ ಮಾಡಿಕೊಡುವವರಿದ್ದಾರೆ, ಹಾಗಾಗಿ ಇದೊಂದು ಅರ್ಧ ತಾಸಿನ ಕೆಲಸ ಅನಿಸುತ್ತದೆ.

ದಯವಿಟ್ಟು ಅಲ್ಲಿಗೆ ಒಯ್ಯಬೇಡಿ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್ ಅಷ್ಟೇ. ಲೈಸೆನ್ಸ್ ಇಲ್ಲದವನ ಕೈಗೆ ಗನ್ ಕೊಟ್ಟರೆ ಅವನ ಜೊತೆ ನೀವೂ ಸಿಕ್ಕಿಬೀಳುತ್ತೀರಿ.

ಬ್ಯಾರೆಲ್ ವಿಷಯವಂತೂ ತುಂಬಾ ಗಂಭೀರ. ಅನುಮತಿ ಇಲ್ಲದೆ ಕತ್ತರಿಸುವುದನ್ನು 6ನೇ ಕಲಂ ತಡೆಯುತ್ತದೆ, ಎಷ್ಟು ಇಂಚು ಕಡಿದಿರಿ ಅಂತ ಅಲ್ಲಿ ಲೆಕ್ಕ ಇಲ್ಲ. 2019ರ ತಿದ್ದುಪಡಿ ಆದ ಮೇಲೆ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಜಾಸ್ತಿ ಅಂದರೆ ಜೀವಾವಧಿ. ಒಂದು ಬಗೆಯ ಗನ್ನನ್ನು ಇನ್ನೊಂದು ಬಗೆಗೆ ಬದಲಿಸಿದರೂ ಇದೇ ಶಿಕ್ಷೆ. ಸದ್ದು ಕಡಿಮೆ ಮಾಡುವ ಸೈಲೆನ್ಸರ್ ಕೂಡ ಕಾಯ್ದೆಯ ಲೆಕ್ಕದಲ್ಲಿ ಬಂದೂಕೇ. ಬಿಡಿಭಾಗಗಳೂ ಹಾಗೇ, ಆನ್‌ಲೈನ್‌ನಲ್ಲಿ ಸಿಕ್ಕಿತು ಅಂತ ಸುಮ್ನೆ ತರಿಸಬೇಡಿ.

ಹಿಡಿಕೆಯ ಮರದ ಪಟ್ಟಿ ತೆಗೆದು ರಬ್ಬರ್ ಹಾಕಿಸುವುದು ಇಷ್ಟು ದೊಡ್ಡ ಮಾತಲ್ಲ. ಆದರೂ ಲೈಸೆನ್ಸ್ ಇರುವ ಗನ್ ಅಂಗಡಿಯಲ್ಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಟ್ರಿಗರ್ ಬಗ್ಗೆ ನಾನು ಜಾಸ್ತಿ ಹೇಳುವುದು ಯಾಕೆಂದರೆ, ನಾಳೆ ನಿಜವಾಗಿಯೂ ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದಿರಿ ಅಂದುಕೊಳ್ಳಿ, ಆ ಗನ್ ಪೊಲೀಸರ ವಶಕ್ಕೆ ಹೋಗುತ್ತದೆ, ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಅದನ್ನು ಬಿಚ್ಚಿ ನೋಡಬಹುದು. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ ರಕ್ಷಣೆಗೆ ಬೇಕಾದಷ್ಟೇ ಪೆಟ್ಟು ಕೊಡಬಹುದು, ಅದಕ್ಕಿಂತ ಜಾಸ್ತಿ ಅಲ್ಲ. ಹಗುರ ಮಾಡಿಸಿದ ಟ್ರಿಗರ್ ಕಂಡರೆ ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ: ಬೇಕಂತ ಹೊಡೆದಿರೋ, ತಾನಾಗಿ ಹಾರಿತೋ? ಎರಡು ಉತ್ತರವೂ ನಿಮಗೆ ತೊಂದರೆಯೇ. ನನ್ನ ಮಾತು ಕೇಳುವುದಾದರೆ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಲಿ.

ಏನಾದರೂ ಮಾಡಿಸಲೇಬೇಕು ಅಂದರೆ ಮೊದಲು ಲೈಸೆನ್ಸ್ ಕೊಟ್ಟ ಕಚೇರಿಗೆ ಅರ್ಜಿ ಬರೆಯಿರಿ. ವಿಜಯಪುರ, ಬಾಗಲಕೋಟೆಯಲ್ಲಾದರೆ ಜಿಲ್ಲಾಧಿಕಾರಿ ಕಚೇರಿ. ಲೈಸೆನ್ಸ್‌ನಲ್ಲಿರುವ ಯುಐಎನ್ (ಲೈಸೆನ್ಸ್‌ದಾರರ ವಿಶಿಷ್ಟ ಗುರುತಿನ ಸಂಖ್ಯೆ), ಗನ್ ನಂಬರ್, ಏನು ಬದಲಾವಣೆ, ಯಾವ ಅಂಗಡಿ, ಎಲ್ಲಾ ಸ್ಪಷ್ಟವಾಗಿ ಹಾಕಿ ಸ್ವೀಕೃತಿ ತೆಗೆದುಕೊಳ್ಳಿ. ಉತ್ತರ ಕಾಗದದ ಮೇಲೆ ಬರಲಿ, ಬಾಯಿಮಾತು ನಂಬಬೇಡಿ.

ಸೆಕೆಂಡ್ ಹ್ಯಾಂಡ್ ಗನ್ ಕೊಳ್ಳುವವರು ಅದರ ಮೇಲಿನ ನಂಬರ್ ಮೊದಲು ನೋಡಿ. ಭೀಮಾ ತೀರದ ಕಡೆ ಕಂಟ್ರಿ ಪಿಸ್ತೂಲ್ ಪ್ರಕರಣ ನೋಡಿದ ಪೊಲೀಸರ ಕಣ್ಣು ಮೊದಲು ಹೋಗುವುದೇ ಆ ನಂಬರ್ ಕಡೆಗೆ. ನಂಬರ್ ಅಳಿಸಿದ ಗನ್ ನಿಮ್ಮ ಬಳಿ ಸಿಕ್ಕರೆ, ಅಳಿಸಿದ್ದು ನೀವೇ ಅಂತ ಕಾನೂನು ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ನದಿಗೆ ಎಸೆಯಬೇಡಿ, ಮತ್ತೆ ತಿದ್ದಿಸಲೂ ಹೋಗಬೇಡಿ. ಇವತ್ತೇ ಒಬ್ಬ ಕ್ರಿಮಿನಲ್ ವಕೀಲರನ್ನು ಕಂಡು, ಅವರು ಹೇಳಿದ ಹಾಗೆ ಮುಂದುವರಿಯಿರಿ.