ಜೇನು ಕಚ್ಚಿದಾಗ: ಹೊಸದಾಗಿ ಬಂದವರ ಗಮನಕ್ಕೆ

ಹೊರದೇಶಕ್ಕೆ ಬಂದ ಹೊಸತರಲ್ಲಿ ಜೇನು ಕಚ್ಚಿದರೆ ಅನೇಕರು ಮೊದಲು ಮಾಡುವುದು ಪರಿಚಯದವರಿಗೆ ಫೋನು. ಬಹುತೇಕ ಸಂದರ್ಭಗಳಲ್ಲಿ ಇದರಿಂದ ಹಾನಿಯಿಲ್ಲವಾದರೂ, ಮೊದಲ ಅರ್ಧ ನಿಮಿಷವನ್ನು ಮಾತಿನಲ್ಲಿ ಕಳೆಯಬಾರದು.

ಜೇನುಹುಳದ ಮುಳ್ಳಿಗೆ ಹಿಂದಕ್ಕೆ ಬಾಗಿದ ಸಣ್ಣ ಹಲ್ಲುಗಳಿರುವುದರಿಂದ ಅದು ಚರ್ಮದಲ್ಲಿ ಸಿಕ್ಕಿಕೊಂಡು, ವಿಷದ ಚೀಲದ ಸಮೇತ ಹುಳದ ಮೈಯಿಂದ ಕಿತ್ತುಬರುತ್ತದೆ. ಹತ್ತಿರದಿಂದ ನೋಡಿದರೆ ಹುಳ ಹೋದ ಮೇಲೂ ಆ ಚೀಲ ತನ್ನಷ್ಟಕ್ಕೆ ಮಿಡಿಯುತ್ತಾ ವಿಷವನ್ನು ಒಳಕ್ಕೆ ತಳ್ಳುತ್ತಿರುವುದು ಕಾಣುತ್ತದೆ. ಚಿವುಟಿ ತೆಗೆಯಬಾರದು, ಕಾರ್ಡಿನಿಂದ ಕೆರೆದೇ ತೆಗೆಯಬೇಕು ಎಂಬ ಹಳೆಯ ಸಲಹೆ ಇಂದಿಗೂ ಓಡಾಡುತ್ತಿದೆ. ಆದರೆ ತೆಗೆಯುವ ವಿಧಾನಕ್ಕಿಂತ ವೇಗವೇ ಮುಖ್ಯವೆಂದು 1996ರಲ್ಲೇ ಪ್ರಯೋಗದಿಂದ ತಿಳಿದುಬಂದಿದೆ. ಆದ್ದರಿಂದ ಉಗುರಿನಲ್ಲೇ ಕಿತ್ತುಹಾಕಿ, ಕೂಡಲೇ ಅಲ್ಲಿಂದ ದೂರ ಸರಿಯಿರಿ. ಚುಚ್ಚಿದ ಜಾಗದಿಂದ ಹೊಮ್ಮುವ, ಬಾಳೆಹಣ್ಣಿನಂಥ ವಾಸನೆ ಉಳಿದ ಹುಳಗಳನ್ನು ಕೆರಳಿಸುತ್ತದೆ. ಕಡಜವಾದರೆ ಸಾಮಾನ್ಯವಾಗಿ ಮುಳ್ಳು ಬಿಟ್ಟುಹೋಗುವುದಿಲ್ಲ, ಆದರೆ ಮತ್ತೆ ಮತ್ತೆ ಚುಚ್ಚಬಲ್ಲದು.

ಒಣ ವಿಷದ ತೂಕದಲ್ಲಿ ಸುಮಾರು ಅರ್ಧದಷ್ಟಿರುವ ಮೆಲಿಟಿನ್ ಎಂಬ ಅಂಶ ಜೀವಕೋಶಗಳ ಪೊರೆಯನ್ನು ಒಡೆದು ನೋವಿನ ನರಗಳನ್ನು ಕೆರಳಿಸುತ್ತದೆ. ಮೊದಲಿನ ಚುರುಚುರು ಉರಿ ಕೆಲವು ನಿಮಿಷಗಳಲ್ಲಿ ತಗ್ಗಿ, ಮಂದವಾದ ನೋವಾಗಿ, ಮರುದಿನದ ಹೊತ್ತಿಗೆ ತುರಿಕೆಯಾಗುತ್ತದೆ. ಎಲ್ಲಿ ಕಚ್ಚಿತು ಎಂಬುದರ ಮೇಲೂ ನೋವು ಅವಲಂಬಿಸಿದೆ: ಮೈಕೆಲ್ ಸ್ಮಿತ್ ಎಂಬ ಸಂಶೋಧಕರು ತಮ್ಮದೇ ದೇಹದ 25 ಕಡೆ ಜೇನಿನಿಂದ ಕಚ್ಚಿಸಿಕೊಂಡು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮೂಗಿನ ಹೊಳ್ಳೆಯದೇ ಅತಿ ಹೆಚ್ಚಿನ ನೋವು. ವಿಜ್ಞಾನಕ್ಕಾಗಿ ಇಷ್ಟು ಸಹಿಸುವವರೂ ಇದ್ದಾರೆ!

ಮುಳ್ಳು ತೆಗೆದ ಮೇಲೆ ಸೋಪು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟು, ಕೈಗೆ ಕಚ್ಚಿದ್ದರೆ ಊದುವ ಮೊದಲೇ ಉಂಗುರ, ಬಳೆಗಳನ್ನು ತೆಗೆದುಬಿಡಿ. ನೋವಿಗೆ ಪ್ಯಾರಾಸಿಟಮಾಲ್, ತುರಿಕೆಗೆ ಸೆಟಿರಿಝಿನ್‌ನಂಥ ಮಾತ್ರೆ ಸಾಕಾಗುತ್ತದೆ. ಸೋಡಾ ಪುಡಿ, ವಿನೆಗರ್ ಬಳಿಯುವುದರಲ್ಲಿ ನನಗೆ ನಂಬಿಕೆಯಿಲ್ಲ. ವಿಷ ಚರ್ಮದೊಳಗಿರುವಾಗ ಮೇಲೆ ಬಳಿದದ್ದು ಅಲ್ಲಿಗೆ ತಲಪುವುದಿಲ್ಲ.

ಊತ ಎರಡು ದಿನ ಹೆಚ್ಚುತ್ತಾ ಹೋಗಿ, ಬೆರಳಿಗೆ ಕಚ್ಚಿದ್ದು ಮೊಣಕೈವರೆಗೂ ಏರಬಹುದು. ನೋಡಲು ಭಯವಾದರೂ ಇದು ಸಾಮಾನ್ಯವಾಗಿ ಸೋಂಕಲ್ಲ, ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಿಜವಾದ ಅಪಾಯದ ಗುರುತು ಕಚ್ಚಿದ ಜಾಗದಿಂದ ದೂರದಲ್ಲಿರುತ್ತದೆ: ಮೈತುಂಬ ದದ್ದು, ನಾಲಿಗೆ ಅಥವಾ ಗಂಟಲಿನ ಊತ, ಉಸಿರಾಟದ ತೊಂದರೆ, ವಾಂತಿ, ತಲೆಸುತ್ತು. ಇವು ಕಂಡರೆ, ಅಥವಾ ಬಾಯಿಯೊಳಗೆ ಕಚ್ಚಿದ್ದರೆ, ಖರ್ಚಿನ ಲೆಕ್ಕ ಹಾಕದೆ ತುರ್ತು ಸಂಖ್ಯೆಗೆ ಕರೆ ಮಾಡಿ: ಅಮೆರಿಕ, ಕೆನಡಾಗಳಲ್ಲಿ 911, ಬ್ರಿಟನ್ನಿನಲ್ಲಿ 999, ಐರೋಪ್ಯ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ರೋಗಿಯನ್ನು ಎಬ್ಬಿಸಿ ನಡೆಸಬೇಡಿ. ಮಲಗಿಸಿ ಕಾಲುಗಳನ್ನು ಎತ್ತರಿಸಿ, ಉಸಿರಾಟ ಕಷ್ಟವಾದರೆ ಮಾತ್ರ ಕೂರಿಸಿ. ಅಡ್ರಿನಲಿನ್ ಪೆನ್ (ಇಂಥ ತೀವ್ರ ಅಲರ್ಜಿಗೆಂದು ಔಷಧ ತುಂಬಿಟ್ಟ ಸಿದ್ಧ ಚುಚ್ಚುಮದ್ದು) ಇದ್ದರೆ ತೊಡೆಯ ಹೊರಭಾಗಕ್ಕೆ, ಬಟ್ಟೆಯ ಮೇಲಿನಿಂದಲೇ ಚುಚ್ಚಬಹುದು. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಒಮ್ಮೆ ಹೀಗಾದವರು ಅಲರ್ಜಿ ತಜ್ಞರನ್ನು ಕಾಣುವುದು ಅಗತ್ಯ. ವಿಷವನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸುತ್ತಾ 3ರಿಂದ 5 ವರ್ಷ ಕೊಡುವ ಚುಚ್ಚುಮದ್ದಿನ ಚಿಕಿತ್ಸೆಯಿಂದ ಬಹುಪಾಲು ರೋಗಿಗಳಿಗೆ ರಕ್ಷಣೆ ದೊರೆಯುತ್ತದೆ. ಅಲ್ಲಿಯವರೆಗೆ ಪೆನ್ನನ್ನು ಸದಾ ಜೊತೆಯಲ್ಲಿಟ್ಟುಕೊಂಡು, ಅದರ ಅವಧಿ ಮುಗಿಯುವ ದಿನಾಂಕವನ್ನು ಆಗಾಗ ನೋಡುತ್ತಿರಿ.