ವಾರಾಂತ್ಯದ ಅತಿಥಿಗಳು, ಜೂನ್ ತಿಂಗಳ ಶುಲ್ಕ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ಹಿಡುವಳಿಯ ಕಾಫಿ ತೋಟ. ಹಳೆಯ ಮನೆಯ ಮಹಡಿಯನ್ನು ರಿಪೇರಿ ಮಾಡಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ, ನಾನು ಮತ್ತು ನಮ್ಮ ಯಜಮಾನರು ಅಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ಶುಕ್ರವಾರ ರಾತ್ರಿ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಬಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುವವರೇ ನಮ್ಮ ಅತಿಥಿಗಳಲ್ಲಿ ಹೆಚ್ಚು. ಆ ಆದಾಯದ ಒಂದು ಪಾಲು, ತೋಟ ಕಾರ್ಮಿಕರ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿಯ ನಂತರದ ಓದಿಗೆ ನೆರವಾಗುವ ಟ್ರಸ್ಟೊಂದಕ್ಕೆ ಹೋಗುತ್ತದೆ. ಇದನ್ನು ಹೇಗೆ ಹೊಂದಿಸಿಕೊಂಡಿದ್ದೀರಿ ಎಂದು ಸುತ್ತಮುತ್ತಲ ಹೋಂಸ್ಟೇಯವರು ಆಗಾಗ ಕೇಳುವುದರಿಂದ, ಲೆಕ್ಕದ ಭಾಗವನ್ನೂ ಸೇರಿಸಿ, ನಾವು ನಡೆಸಿಕೊಂಡು ಬಂದಿರುವ ಕ್ರಮವನ್ನು ಬರೆದಿಡುತ್ತಿದ್ದೇನೆ.

ಪ್ರವಾಸಕ್ಕೆ ಬಂದವರಿಗೆ ಕೊಡುವ ಮನಸ್ಸಿರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಡುತ್ತಾರೆ, ಆದರೆ ಚಿಕ್ಕ ಮಕ್ಕಳಿಗೆ ಕೊಡುತ್ತಾರೆ. ಕಾರಿನ ಡಿಕ್ಕಿಯಲ್ಲಿ ನೋಟುಪುಸ್ತಕ, ಬ್ಯಾಗು, ಬಣ್ಣದ ಪೆನ್ಸಿಲುಗಳನ್ನು ತಂದು, ಹತ್ತಿರದಲ್ಲಿ ಶಾಲೆ ಎಲ್ಲಿದೆ ಎಂದು ಕೇಳುವವರು ಪ್ರತಿ ಸೀಸನ್ನಿನಲ್ಲಿಯೂ ಬರುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಹತ್ತನೆಯ ತರಗತಿಯವರೆಗೆ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟಗಳು ಹೇಗೋ ಸಿಗುತ್ತವೆ. ಕೈಹಿಡಿಯುವವರು ಕಡಿಮೆಯಾಗುವುದು ಅದರ ಮರುವರ್ಷದಿಂದ, ಹುಡುಗನಿಗೋ ಹುಡುಗಿಗೋ ಹದಿನಾರು ತುಂಬಿ, ‘ಇನ್ನು ಕೆಲಸಕ್ಕೆ ಬಂದರೆ ಮನೆಗೊಂದು ಸಂಬಳ ಹೆಚ್ಚು’ ಎಂಬ ಲೆಕ್ಕಾಚಾರ ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿ ಶುರುವಾಗುವ ಹೊತ್ತಿನಲ್ಲಿ. ಸರ್ಕಾರಿ ಪಿಯು ಕಾಲೇಜಿನ ಶುಲ್ಕ ಅಂಥ ದೊಡ್ಡದೇನಲ್ಲ. ಕಾಲೇಜಿಗೆ ಹೋಗಿಬರುವ ದಾರಿಯೇ ದುಬಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ನಿಜ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಇಂದಿಗೂ ಖಾಸಗಿ ಬಸ್ಸುಗಳನ್ನೇ ನಂಬಿಕೊಂಡಿರುವ ಊರುಗಳಿವೆ, ಅಲ್ಲಿ ಶಕ್ತಿಯೂ ನಡೆಯುವುದಿಲ್ಲ, ವಿದ್ಯಾರ್ಥಿ ಪಾಸೂ ನಡೆಯುವುದಿಲ್ಲ. ಅದರ ಜೊತೆಗೆ ಐಟಿಐ ಹುಡುಗನ ಉಪಕರಣ, ನರ್ಸಿಂಗ್ ಓದುವ ಹುಡುಗಿಯ ಸಮವಸ್ತ್ರ, ಹಾಸ್ಟೆಲ್ ಸಿಗದವರ ಬಾಡಿಗೆ ಕೋಣೆ. ಇಂಥ ಖರ್ಚುಗಳನ್ನು ಫೋಟೊ ತೆಗೆದು ತೋರಿಸಲಾಗುವುದಿಲ್ಲ, ಆದ್ದರಿಂದಲೇ ಅವುಗಳಿಗೆ ದಾನಿಗಳೂ ಕಡಿಮೆ. ನಮ್ಮ ಹಣ ಹದಿನಾರು ದಾಟಿದವರಿಗೇ ಹೋಗಬೇಕೆಂದು ನಿರ್ಧರಿಸಿದ್ದು ಇದಕ್ಕಾಗಿ.

ಟ್ರಸ್ಟನ್ನು ಆರಿಸುವಾಗ ನಾನು ನೋಡಿದ್ದು ಕೆಲವೇ ಸಂಗತಿಗಳನ್ನು. ನೋಂದಣಿ ಪತ್ರ, ಆದಾಯ ತೆರಿಗೆಯ 12ಎ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ವಿನಾಯಿತಿ) ಪತ್ರಗಳ ಪ್ರತಿ, ಹಿಂದಿನ ವರ್ಷಗಳ ಆಡಿಟ್ ವರದಿ, ಇಷ್ಟನ್ನು ಕೇಳಿದೆ. ಕೇಳಿದ್ದಕ್ಕೆ ಮುಖ ಗಂಟಿಕ್ಕಿಕೊಳ್ಳುವವರ ಜೊತೆ ಮುಂದುವರಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಕಾಗದಪತ್ರಗಳಿಗಿಂತ ಹೆಚ್ಚು ತಿಳಿದದ್ದು, ವಾರದ ನಡುವಿನ ಒಂದು ದಿನ ಅವರ ಅಭ್ಯಾಸ ಕೇಂದ್ರದಲ್ಲಿ ಸುಮ್ಮನೆ ಕುಳಿತಾಗ. ವಿದ್ಯಾರ್ಥಿಗಳನ್ನು ಆಯ್ಕೆ ಮಾಡುವವರು ಯಾರು, ಒಂದು ವರ್ಷ ಫೇಲಾದವರನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದ್ದಕ್ಕೆ, ‘ಫೇಲಾದವರಿಗೇ ನಾವು ಹೆಚ್ಚು ಬೇಕಾಗುವುದು, ಪಾಸಾದವರಿಗೆ ಹೇಗೂ ಯಾರಾದರೂ ಸಿಗುತ್ತಾರೆ’ ಎಂದು ಅಲ್ಲಿಯ ಮೇಡಂ ಹೇಳಿದರು. ಆ ಉತ್ತರ ಸಾಕಾಯಿತು.

ಹಣಕ್ಕೆ ನಾವು ಎರಡು ದಾರಿಗಳನ್ನು ಮಾಡಿಕೊಂಡಿದ್ದೇವೆ, ಅವೆರಡೂ ಒಂದಕ್ಕೊಂದು ಬೆರೆಯದಂತೆ ನೋಡಿಕೊಳ್ಳುತ್ತೇವೆ. ಮೊದಲನೆಯದು ನಮ್ಮ ಪಾಲು: ಒಂದು ಕೋಣೆ ಒಂದು ರಾತ್ರಿಗೆ ಹೋದರೆ ಅದರ ಬಾಡಿಗೆಯಿಂದ 300 ರೂಪಾಯಿ ಬೇರೆ ಖಾತೆಗೆ ಹೋಗುತ್ತದೆ. ಅದಕ್ಕಾಗಿ ಬಾಡಿಗೆ ಹೆಚ್ಚಿಸಿಲ್ಲ, ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸುವುದೂ ಇಲ್ಲ. ‘ಉಳಿದ ಲಾಭದಲ್ಲಿ ಇಷ್ಟು ಪಾಲು’ ಎಂದು ಮಾಡಿಕೊಂಡರೆ ಲಾಭ ಎಂದೂ ಉಳಿಯುವುದಿಲ್ಲ. ಜನರೇಟರು, ನೀರಿನ ಮೋಟಾರು, ಸೋರುವ ಮಾಡು ಯಾವುದಾದರೊಂದು ಅದನ್ನು ತಿಂದುಹಾಕುತ್ತದೆ. ಎರಡನೆಯದು ಅತಿಥಿಗಳ ಪಾಲು. ಇದು ನನ್ನ ಕೈಗೆ ಬರುವುದೇ ಇಲ್ಲ. ಊಟದ ಮನೆಯ ಗೋಡೆಯ ಮೇಲೆ ಟ್ರಸ್ಟಿನ ಹೆಸರಿನದೇ ಕ್ಯೂಆರ್ ಫಲಕವಿದೆ; ಕೊಡುವವರು ನೇರವಾಗಿ ಆ ಖಾತೆಗೆ ಹಾಕಿ, ಪ್ಯಾನ್ ಸಂಖ್ಯೆ ಕಳಿಸಿ ರಸೀದಿ ಪಡೆಯುತ್ತಾರೆ. ನಾನು ಹಣ ಪಡೆದು ನಾನೇ ಕಟ್ಟಿದರೆ ರಸೀದಿ ನನ್ನ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ 80ಜಿ ವಿನಾಯಿತಿಗೆ ಸಲ್ಲುವುದಿಲ್ಲ ಎಂಬುದನ್ನೂ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ ಎಂಬುದನ್ನೂ ಕೇಳಿದವರಿಗೆ ಮೊದಲೇ ತಿಳಿಸಿಬಿಡುತ್ತೇನೆ. ವಿದೇಶಿ ಅತಿಥಿಗಳದು ಬೇರೆಯೇ ವಿಷಯ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ನೋಂದಣಿ ಅಥವಾ ಅನುಮತಿ ಇಲ್ಲದ ಸಂಸ್ಥೆಯು ವಿದೇಶಿ ಪ್ರಜೆಗಳಿಂದ ಹಣ ಪಡೆಯುವಂತಿಲ್ಲ, ನಮ್ಮ ಟ್ರಸ್ಟಿಗೆ ಆ ನೋಂದಣಿ ಇಲ್ಲ. ಅಂಥವರು ಕೊಡಲು ಬಂದಾಗ ಕೈಮುಗಿದು ಬೇಡ ಎನ್ನುತ್ತೇವೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಕೊಡುವುದಕ್ಕೆ ಈ ಅಡ್ಡಿಯಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ, ಅದು ಕಾಲದ್ದು. ನಮಗೆ ಹಣ ಬರುವುದು ದಸರಾ ರಜೆಯಿಂದ ಸಂಕ್ರಾಂತಿಯವರೆಗೆ, ಮತ್ತೆ ಏಪ್ರಿಲ್-ಮೇ ತಿಂಗಳುಗಳಲ್ಲಿ. ವಿದ್ಯಾರ್ಥಿಗಳಿಗೆ ಹಣ ಬೇಕಾಗುವುದು ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಫಲಿತಾಂಶಗಳು ಬಂದ ಮೇಲೆ, ಪ್ರವೇಶ ನಡೆಯುವ ಮೇ ಕೊನೆಯಿಂದ ಜುಲೈವರೆಗೆ. ಆ ಹೊತ್ತಿಗೆ ನಮ್ಮ ಕಡೆ ಮುಂಗಾರು ಕುಳಿತಿರುತ್ತದೆ. ಗಾಳಿಗೆ ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುತ್ತದೆ, ರೆಡ್ ಅಲರ್ಟ್ ಬಂದರೆ ಬುಕಿಂಗುಗಳೆಲ್ಲ ಒಂದೇ ಸಂಜೆ ರದ್ದಾಗುತ್ತವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಮಂಗಳೂರು ಕಡೆಯಿಂದ ಬರುವವರ ದಾರಿಯೇ ಕಡಿದುಹೋಗಿತ್ತು. ಆದ್ದರಿಂದ ಬಂದ ತಿಂಗಳಿನ ಹಣವನ್ನು ಆ ತಿಂಗಳೇ ಕಳಿಸದೆ ವರ್ಷವಿಡೀ ಕೂಡಿಸಿ, ಮೇ ಮಧ್ಯದಲ್ಲಿ ಒಟ್ಟಿಗೆ ವರ್ಗಾಯಿಸುತ್ತೇವೆ. ಜೂನ್‌ನಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಮಾರ್ಚಿನಲ್ಲಿಯೇ ಟ್ರಸ್ಟಿಗೆ ಬರೆದು ತಿಳಿಸುತ್ತೇವೆ. ಕಡಿಮೆ ಎಂದು ಹೇಳಬೇಕಾಗಿ ಬಂದರೂ ಮೊದಲೇ ಹೇಳುವುದು ಒಳ್ಳೆಯದು, ಏಕೆಂದರೆ ಟ್ರಸ್ಟಿನವರು ಅದನ್ನು ನಂಬಿ ಮಕ್ಕಳಿಗೆ ಮಾತು ಕೊಟ್ಟಿರುತ್ತಾರೆ.

ಇನ್ನು ಪ್ರವಾಸದ ವಿಷಯ. ಬರುವವರಲ್ಲಿ ಬಹುತೇಕರ ಪಟ್ಟಿಯಲ್ಲಿ ಮುಳ್ಳಯ್ಯನಗಿರಿ ಇದ್ದೇ ಇರುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರವನ್ನು ನೋಡಬೇಡಿ ಎಂದು ಹೇಳಲು ನಾನು ಯಾರು? ಆದರೆ ರಜಾದಿನಗಳಲ್ಲಿ ಆ ಕಿರಿದಾದ ರಸ್ತೆಯ ಮೇಲೆ ಸಾಲುಗಟ್ಟಿ ನಿಂತ ಕಾರುಗಳಲ್ಲಿ ಅರ್ಧ ದಿನ ಕಳೆದು ಬಂದವರ ಮುಖವನ್ನು ನೋಡಿ ನೋಡಿ, ನಾವು ಬೇರೆ ದಾರಿಗಳನ್ನು ಸೂಚಿಸುವುದನ್ನು ರೂಢಿಸಿಕೊಂಡೆವು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿಯ ವಸಂತಮ್ಮನ ಗುಡಿಗೆ ಹೋದರೆ ಹುಲಿಯನ್ನು ಹೊಡೆದ ಸಳನ ಕಥೆಯನ್ನು ಆ ನೆಲದ ಮೇಲೆ ನಿಂತೇ ಹೇಳಬಹುದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಕಡೆ ಜನ ಹೆಚ್ಚಿದ್ದಾರೆ, ಆದರೆ ಹಳೇಬೀಡಿಗೆ ಹತ್ತಿರದ ಬೆಳವಾಡಿಯ ವೀರನಾರಾಯಣ ದೇವಾಲಯದಲ್ಲಿ ಶನಿವಾರವೂ ನಿರಾಳವಾಗಿ ಕುಳಿತುಕೊಳ್ಳಬಹುದು. ಮೂರು ಗರ್ಭಗುಡಿಗಳ ಆ ದೇವಾಲಯದ ಕಂಬಗಳ ಹೊಳಪು ನನ್ನ ಕಣ್ಣಿಗೆ ಬೇಲೂರಿನದಕ್ಕೆ ಏನೂ ಕಡಿಮೆಯಲ್ಲ. ಸಕಲೇಶಪುರದ ಕಡೆ ಹೋಗುವವರಿಗೆ ಮಂಜರಾಬಾದ್ ಕೋಟೆ ಇದೆ, ಟಿಪ್ಪು ಸುಲ್ತಾನ ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ.

ಟ್ರಸ್ಟಿನ ನೆರವಿನಿಂದ ಓದುತ್ತಿರುವವರಲ್ಲಿ ಹದಿನೆಂಟು ತುಂಬಿದ, ತಾವೇ ಇಷ್ಟಪಟ್ಟು ಬರುವ ಕೆಲವರು ವಾರಾಂತ್ಯಗಳಲ್ಲಿ ನಮ್ಮಲ್ಲಿ ಕೆಲಸ ಮಾಡುತ್ತಾರೆ. ಇದು ದಾನವಲ್ಲ, ದಿನಗೂಲಿ. ಊಟ ಮತ್ತು ಬಸ್ ಚಾರ್ಜು ಬೇರೆ. ಸಂರಕ್ಷಿತ ಸ್ಮಾರಕಗಳಲ್ಲಿ ಪರವಾನಗಿ ಪಡೆದ ಮಾರ್ಗದರ್ಶಿಗಳಿದ್ದಾರೆ, ಅವರ ಕೆಲಸಕ್ಕೆ ನಾವು ಕೈಹಾಕುವುದಿಲ್ಲ. ನಮ್ಮ ಯುವಕ ಯುವತಿಯರು ನಡೆಸುವುದು ತೋಟದೊಳಗಿನ ಸುತ್ತಾಟವನ್ನು, ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯನ್ನು, ಕಾಫಿ ಹಣ್ಣಿನ ಸಿಪ್ಪೆ ಕಳಚುವ ಪಲ್ಪಿಂಗ್ ಕಾಲದಲ್ಲಿ ಕಣದ ಕೆಲಸದ ವಿವರಣೆಯನ್ನು.

ಕಣದ ವಿವರಣೆಯನ್ನು ಈಗ ನಡೆಸುತ್ತಿರುವುದು ಬಿ.ಕಾಂ. ಓದುವ ಒಬ್ಬ ಹುಡುಗಿ. ಅವಳ ತಾಯಿ ಇದೇ ಸುತ್ತಿನ ತೋಟಗಳಲ್ಲಿ ಹಣ್ಣು ಕೊಯ್ದವರು. ತೊಟ್ಟಿಗೆ ಹಣ್ಣು ಸುರಿದಾಗ ಹಗುರವಾದವು ಮೇಲೆ ತೇಲುತ್ತವೆ. ಆ ತೇಲುಕಾಯಿಗಳನ್ನು ಮೊರದಿಂದ ಬಾಚಿ ಬೇರೆ ಹಾಕುತ್ತಾಳೆ, ಮುಳುಗಿದವನ್ನು ಮಾತ್ರ ಪಲ್ಪರಿಗೆ ಬಿಡುತ್ತಾಳೆ. ಸಿಪ್ಪೆ ಕಳಚಿ ಬಂದ ಲೋಳೆಲೋಳೆಯಾದ ಬೀಜವನ್ನು ಅತಿಥಿಗಳ ಅಂಗೈಗೆ ಹಾಕಿ, ಮೂಸಿ ನೋಡಿ ಎನ್ನುತ್ತಾಳೆ. ಕಾಫಿಯ ಪರಿಮಳವನ್ನು ನಿರೀಕ್ಷಿಸಿದವರಿಗೆ ಅಲ್ಲಿ ಸಿಗುವುದು ಹಸಿ ಹಣ್ಣಿನ ಸಿಹಿ ವಾಸನೆ. ‘ಐದಾರು ಕಿಲೋ ಹಣ್ಣು ಕೊಯ್ದರೆ ಒಂದು ಕಿಲೋ ಬೀಜ ಸರ್, ಇದನ್ನು ಕೊಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ’ ಎಂದು ಅವಳು ಹೇಳುವಾಗ ಧ್ವನಿಯಲ್ಲಿ ಯಾವ ಏರಿಳಿತವೂ ಇರುವುದಿಲ್ಲ. ತನ್ನ ತಾಯಿಯ ಮಾತನ್ನು ಎತ್ತಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು. ನಾವು ಅವಳನ್ನು ‘ಟ್ರಸ್ಟಿನ ಹುಡುಗಿ’ ಎಂದು ಪರಿಚಯಿಸುವುದಿಲ್ಲ, ಅವಳು ಆ ದಿನದ ಮಾರ್ಗದರ್ಶಿ, ಅಷ್ಟೇ.

ಇದೇ ಕಾರಣಕ್ಕೆ, ಅತಿಥಿಗಳನ್ನು ಅಭ್ಯಾಸ ಕೇಂದ್ರಕ್ಕೆ ಕರೆದುಕೊಂಡು ಹೋಗುವುದನ್ನು ನಾವು ಇಟ್ಟುಕೊಂಡಿಲ್ಲ. ‘ಹಣ ಕೊಟ್ಟಿದ್ದೇವೆ ಆಂಟಿ, ಒಮ್ಮೆ ಮಕ್ಕಳನ್ನು ನೋಡಿ ಹೋಗುತ್ತೇವೆ’ ಎಂದು ಪ್ರೀತಿಯಿಂದಲೇ ಕೇಳುವವರಿದ್ದಾರೆ. ಶನಿವಾರ ಸಂಜೆ ಅಕೌಂಟೆನ್ಸಿ ಲೆಕ್ಕದ ಮುಂದೆ ಕುಳಿತ ಹದಿನೇಳರ ಹುಡುಗನಿಗೆ, ಅಪರಿಚಿತರ ಮುಂದೆ ಎದ್ದು ನಿಂತು ತನ್ನ ಬಡತನವನ್ನು ಪರಿಚಯ ಮಾಡಿಕೊಡಬೇಕಾದ ಕೆಲಸ ಏಕೆ? ಬದಲಾಗಿ ವರ್ಷಕ್ಕೊಮ್ಮೆ ಟ್ರಸ್ಟಿನವರು ಹೆಸರು, ಭಾವಚಿತ್ರಗಳಿಲ್ಲದ ಒಂದು ಪುಟದ ಲೆಕ್ಕ ಕೊಡುತ್ತಾರೆ: ಬಸ್ಸಿಗೆ ಎಷ್ಟು, ಪರೀಕ್ಷಾ ಶುಲ್ಕಕ್ಕೆ ಎಷ್ಟು, ಕೋಣೆ ಬಾಡಿಗೆಗೆ ಎಷ್ಟು, ಅರ್ಧಕ್ಕೆ ಬಿಟ್ಟವರೆಷ್ಟು. ಕೊಟ್ಟವರಿಗೆಲ್ಲ ಅದನ್ನು ಕಳಿಸುತ್ತೇವೆ. ಇದರಿಂದ ಬೇಸರಗೊಂಡು ಕೊಡದೆ ಹೋದವರೂ ಇದ್ದಾರೆ, ಅದು ನಮಗೆ ಸಹಿಸಿಕೊಳ್ಳಬಹುದಾದ ನಷ್ಟ. ಆದರೆ ‘ಅರ್ಧಕ್ಕೆ ಬಿಟ್ಟವರು’ ಎಂಬ ಸಾಲನ್ನು ಓದಿಯೇ ಮತ್ತೆ ಫೋನ್ ಮಾಡಿ, ಯಾಕೆ ಬಿಟ್ಟರು ಎಂದು ವಿಚಾರಿಸಿದವರೂ ಇದ್ದಾರೆ.

ಹಣವಲ್ಲದ ನೆರವು ಏನಾದರೂ ಮಾಡಬಹುದೇ ಎಂದು ಕೇಳುವ ಅತಿಥಿಗಳಿಗೆ ನಾನು ತೋರಿಸುವ ಕೆಲಸ ನೀರಸವಾದದ್ದು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಅದಕ್ಕೆ ನಾಡಕಚೇರಿಗೆ ಹೋಗಬೇಕು. ಆಧಾರ್‌ನಲ್ಲಿರುವ ಹೆಸರು ಮತ್ತು ಅಂಕಪಟ್ಟಿಯ ಹೆಸರು ಹೊಂದಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಇಲ್ಲದಿದ್ದರೆ ಮಂಜೂರಾದ ಹಣವೂ ಖಾತೆಗೆ ಬರುವುದಿಲ್ಲ. ಅಪ್ಪನ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದರಿಂದಲೇ ಅರ್ಜಿ ನಿಂತುಹೋದ ಉದಾಹರಣೆಗಳು ನಮ್ಮ ಲೈನ್ ಮನೆಗಳಲ್ಲಿವೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅತಿಥಿಯೊಬ್ಬರು ಟ್ರಸ್ಟಿನ ಸಿಬ್ಬಂದಿಯ ಜೊತೆ ಕುಳಿತು, ಯಾವ ಮಗುವಿಗೆ ಯಾವ ದಾಖಲೆ ಬಾಕಿಯಿದೆ ಎಂದು ಬಣ್ಣ ಬಣ್ಣದಲ್ಲಿ ತೋರಿಸುವ ಸರಳ ಪಟ್ಟಿಯೊಂದನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟರು. ಅದರಿಂದ ಮಕ್ಕಳ ಖಾತೆಗೆ ಬಂದ ಸರ್ಕಾರಿ ವಿದ್ಯಾರ್ಥಿವೇತನದ ಮೊತ್ತ, ನಮ್ಮ ಕೋಣೆಗಳ ಪಾಲಿಗಿಂತ ದೊಡ್ಡದು.

ಈಚೆಗೆ ಪಕ್ಕದ ಊರಿನ ಹೋಂಸ್ಟೇಯೊಂದು ನಮ್ಮ ಜೊತೆ ಸೇರಿಕೊಂಡಿದೆ. ಅವರ ಕೋಣೆಗಳ ಬಾಡಿಗೆ ನಮ್ಮದಕ್ಕಿಂತ ಕಡಿಮೆ, ಆದ್ದರಿಂದ ಅವರು ರಾತ್ರಿಗೆ 150 ರೂಪಾಯಿ ತೆಗೆದಿಡುತ್ತಾರೆ. ಖಾಸಗಿ ಬಸ್ಸಿನಲ್ಲಿಯೇ ಓಡಾಡಬೇಕಾದ ವಿದ್ಯಾರ್ಥಿಗಳ ತಿಂಗಳ ಚಾರ್ಜನ್ನು ಮಕ್ಕಳ ಕೈಗೆ ಕೊಡುವ ಬದಲು ಬಸ್ಸಿನ ಮಾಲೀಕರಿಗೇ ಮುಂಗಡವಾಗಿ ಕಟ್ಟಿ, ರಿಯಾಯಿತಿ ಕೇಳೋಣ ಎಂಬುದು ಅವರ ಸಲಹೆ. ಎರಡು ಮನೆಗಳವರೂ ಟ್ರಸ್ಟಿನ ಮೇಡಂ ಜೊತೆ ಹೋಗಿ ಮಾಲೀಕರನ್ನು ಕಂಡು ಬಂದಿದ್ದೇವೆ. ಅರ್ಧ ಚಾರ್ಜಿಗೆ ಅವರು ಒಪ್ಪಿಲ್ಲ, ಮೂರರಲ್ಲೊಂದು ಭಾಗ ಬಿಡಲು ಒಪ್ಪಿದ್ದಾರೆ, ಬರುವ ಜೂನ್‌ನಿಂದ.