ಜರ್ಮನಿಗೆ ಓದಲು ಬರುವವರೇ, ಮೊದಲು ಹೆಸರು ಸರಿ ಮಾಡಿಕೊಳ್ಳಿ

ಜೂನ್ ಜುಲೈ ಬಂತೆಂದರೆ ಊರಿಂದ ಮೆಸೇಜುಗಳು ಶುರು. "ಅಣ್ಣಾ, ಅಡ್ಮಿಶನ್ ಸಿಕ್ತು, ವೀಸಾಗೆ ಏನೇನು ಬೇಕು?" ಸಂತೋಷ, ಆದರೆ ಆ ಹೊತ್ತಿಗೆ ಸ್ವಲ್ಪ ತಡವಾಗಿರುತ್ತದೆ. ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಅಕ್ಟೋಬರ್‌ಗೆ ಕ್ಲಾಸ್ ಶುರು. ಕಾಲೇಜಿನ ಕೊನೇ ವರ್ಷದಲ್ಲೇ ಪಾಸ್‌ಪೋರ್ಟ್ ಕೈಯಲ್ಲಿರಬೇಕು.

ನಮ್ಮ ಕಡೆಯವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನ ವಿಷಯದಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಕೆ ಎಸ್, ಆಧಾರ್‌ನಲ್ಲಿ ಬರೀ ಮಂಜುನಾಥ್, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರೂ ಸೇರಿ ಇನ್ನೊಂದು ಥರ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಕೊಡುತ್ತಾರೆ, ಅದು ನಿಜ. ಆದರೆ ಇಲ್ಲಿ ಬ್ಯಾಂಕು, ವಿಮೆ, ಸಿಮ್ ಕಾರ್ಡು, ಯಾವ ಫಾರಂ ತೆಗೆದರೂ ಸರ್‌ನೇಮ್ ಕೇಳುತ್ತದೆ, ಒಂದೊಂದು ಕಡೆ ಒಂದೊಂದು ಥರ ತುಂಬಿಸಿಕೊಂಡು ಕೂತರೆ ಆಮೇಲೆ ನೀವು ನೀವೇ ಅಂತ ತೋರಿಸುವುದೇ ಒಂದು ಕೆಲಸ ಆಗುತ್ತದೆ. ನನ್ನನ್ನು ಕೇಳಿದರೆ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಅಲ್ಲಿ ಹಾಕಿಸಿ. ಊರ ಹೆಸರು ಹಾಕಿದರೂ ತಪ್ಪೇನಿಲ್ಲ, ಆದರೆ ಆಫೀಸು, ಆಸ್ಪತ್ರೆ ಎಲ್ಲ ಕಡೆ ನಿಮ್ಮನ್ನು 'ಹೆರ್ ಕಡೂರು' (ಅಂದರೆ ಮಿಸ್ಟರ್ ಕಡೂರು) ಅಂತಲೇ ಕರೆಯುತ್ತಾರೆ, ರೆಡಿ ಇರಿ.

ಸ್ಪೆಲಿಂಗ್ ಇನ್ನೊಂದು ಗೋಳು. ಲತಾ, ತೇಜಸ್ವಿನಿ, ಪ್ರೀತಿ ಅಂತ ಹೆಸರಿದ್ದವರಿಗೆ ಹೇಳುವುದೇ ಬೇಡ, ಒಂದು ದಾಖಲೆಯಲ್ಲಿ 'ಎಚ್' ಇರುತ್ತದೆ, ಇನ್ನೊಂದರಲ್ಲಿ ಇರಲ್ಲ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ. ಹಾಗಾಗಿ ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆಯೋ ಹಾಗೆ ಉಳಿದದ್ದನ್ನು ಹೊಂದಿಸಿ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನಿಶಿಯಲ್ ಮಾತ್ರ ಇದ್ದರೆ, ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಎಲ್ಲರೂ ಕೇಳುವುದಿಲ್ಲ, ಕೇಳಿದಾಗ ಇರಲಿ.

ಪಾಸ್‌ಪೋರ್ಟ್ ಅರ್ಜಿ ಸುಲಭ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಸರ್ಕಾರದ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಹಾಕಿ. ಅದೇ ಥರ ಕಾಣುವ ಖಾಸಗಿ ಸೈಟುಗಳು ಸುಮ್ನೆ ದುಡ್ಡು ಕೀಳುತ್ತವೆ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೀರಿ, ಆಧಾರ್ ಹಾಸನದ್ದು ಅಂದರೆ ಯಾವ ವಿಳಾಸ ಕೊಡುತ್ತೀರಿ ಅಂತ ಯೋಚಿಸಿ. ದೇಶದ ಯಾವ ಸೇವಾ ಕೇಂದ್ರಕ್ಕಾದರೂ ಹೋಗಬಹುದು, ಪೊಲೀಸರು ವಿಚಾರಿಸುವುದು ಮಾತ್ರ ನೀವು ಬರೆದ ವಿಳಾಸದಲ್ಲಿ. ಚಿಕ್ಕವರಿದ್ದಾಗ ಮಾಡಿಸಿದ ಪಾಸ್‌ಪೋರ್ಟ್ ಇದೆಯಾ? ಅವಧಿ ನೋಡಿ, ಮಕ್ಕಳಿಗೆ ಸಾಮಾನ್ಯವಾಗಿ ಐದೇ ವರ್ಷಕ್ಕೆ ಕೊಡುತ್ತಾರೆ. ಇಲ್ಲಿ ವಾಸದ ಪರವಾನಗಿಯನ್ನು ಪಾಸ್‌ಪೋರ್ಟ್ ಮುಗಿಯುವ ದಿನದಿಂದ ಆಚೆಗೆ ಕೊಡುವುದಿಲ್ಲ, ಓದು ಎರಡು ವರ್ಷ, ಆಮೇಲೆ ಕೆಲಸ ಹುಡುಕಲು 18 ತಿಂಗಳು, ಅಷ್ಟಕ್ಕಾದರೂ ಸಾಲಬೇಕಲ್ವಾ.

ಇನ್ನು ಎಪಿಎಸ್ ಸರ್ಟಿಫಿಕೇಟು. ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ದೆಹಲಿಯಲ್ಲಿರುವ ಜರ್ಮನಿಯ ಕಚೇರಿ ಕೊಡುವ ಪತ್ರ ಅದು. 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಗೆ ಕಡ್ಡಾಯ, ಶುಲ್ಕ 18,000 ರೂಪಾಯಿ. ಪಿಎಚ್‌ಡಿಗೆ ಬರುವವರಂಥ ಕೆಲವರಿಗೆ ವಿನಾಯಿತಿ ಇದೆ. ವಾರಗಟ್ಟಲೆ ಹಿಡಿಯುತ್ತದೆ, ಬಹಳಷ್ಟು ಯೂನಿವರ್ಸಿಟಿಗಳು ಅರ್ಜಿಯ ಜೊತೆಗೇ ಕೇಳುತ್ತವೆ, ಆದ್ದರಿಂದ ಪಾಸ್‌ಪೋರ್ಟ್ ಬಂದ ಕೂಡಲೇ ಇದಕ್ಕೆ ಕೈ ಹಾಕಿ.

ದುಡ್ಡಿನ ಲೆಕ್ಕ: ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸಲು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಒಟ್ಟಿಗೆ ತೆಗೆಯಲು ಬಿಡದ ಖಾತೆಯಲ್ಲಿ, ಒಂದು ವರ್ಷಕ್ಕೆ 11,904 ಯೂರೋ ಇಡಬೇಕು, ಇಲ್ಲಿಗೆ ಬಂದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಸಿಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ, ಆಗಾಗ ಏರಿಸುತ್ತಾರೆ, ಕಳಿಸುವ ಮುಂಚೆ ನೋಡಿಕೊಳ್ಳಿ. ದಾರಿಯಲ್ಲಿ ಬ್ಯಾಂಕುಗಳು ಕಮಿಷನ್ ಮುರಿದುಕೊಳ್ಳುತ್ತವೆ, ಸ್ವಲ್ಪ ಹೆಚ್ಚಿಗೇ ಕಳಿಸಿ. ಹತ್ತು ಯೂರೋ ಕಡಿಮೆ ಬಿದ್ದು ಮತ್ತೆ ಕಳಿಸಲು ಓಡಾಡಿದವರನ್ನು ನೋಡಿದ್ದೇನೆ.

ವೀಸಾ ಶುಲ್ಕ 75 ಯೂರೋ. ಅರ್ಜಿಯನ್ನೂ ದಾಖಲೆಗಳನ್ನೂ ಈಗ ಜರ್ಮನ್ ವಿದೇಶಾಂಗ ಇಲಾಖೆಯ ಪೋರ್ಟಲ್‌ನಲ್ಲಿ ಮೊದಲೇ ಹಾಕಬಹುದು, ಆಮೇಲೆ ಬೆರಳ ಗುರುತು ಕೊಡಲು ಹೋಗುವುದು. ಈ ಕೋರ್ಸೇ ಯಾಕೆ ಅಂತ ಬರೆಯುವ ಪತ್ರವನ್ನು ಏಜೆಂಟ್ ಕೈಲಿ ಬರೆಸಬೇಡಿ. ಹತ್ತು ಹುಡುಗರಿಗೆ ಒಂದೇ ಪತ್ರ ಕೊಟ್ಟಿರುತ್ತಾರೆ, ಓದುವವರಿಗೆ ಗೊತ್ತಾಗದೆ ಇರುತ್ತದಾ? ಮೊದಲಾದರೆ ವೀಸಾ ನಿರಾಕರಿಸಿದಾಗ ಕಾನ್ಸುಲೇಟಿಗೇ ಮೇಲ್ಮನವಿ ಬರೆಯಬಹುದಿತ್ತು, 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನಲ್ಲಿ ಕೋರ್ಟು.

ಹೊರಡುವ ದಿನ ಅಸಲಿ ದಾಖಲೆಗಳೆಲ್ಲ ಕೈಚೀಲದಲ್ಲಿರಲಿ, ಚೆಕ್ ಇನ್ ಬ್ಯಾಗಿನಲ್ಲಿ ಚಟ್ನಿಪುಡಿ ಹೋಗಲಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ಉಳಿಯದ ಮನೆಗೆ ಪತ್ರ ಕೊಡಿ ಅಂತ ಇಲ್ಲಿನ ಕನ್ನಡಿಗರನ್ನು ಕೇಳಬೇಡಿ, ಕೊಟ್ಟವರಿಗೆ ದಂಡ ಬೀಳುತ್ತದೆ. ಊಟಕ್ಕೆ ಬರ್ತೀನಿ ಅನ್ನಿ, ಯಾರೂ ಬೇಡ ಅನ್ನಲ್ಲ.